ಅರ್ಧ ಎತ್ತಿದ ಕೈ

ಹಗ್ಗಕ್ಕೆ ಸಿಕ್ಕಿಸಿದ್ದ ಫೋಟೋಗಳಲ್ಲಿ ಮೂರನೆಯದರಲ್ಲಿ ಕೂತಿದ್ದವಳು ತನ್ನ ಅಮ್ಮ ಎಂದು ಗೊತ್ತಾದ ಕೂಡಲೇ ಗುಬ್ಬಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಫೋಟೋದ ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ‘ಯಾರೂ ಇಲ್ಲದವಳು’.

ಎದ್ದುಹೋಗಿ ಅದನ್ನು ಕಿತ್ತು ಚೂರುಚೂರು ಮಾಡಬೇಕು ಅನಿಸಿತು. ಆದರೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಏಳದೆ ಇರುವುದಕ್ಕೆ ಒಂದು ಕಾರಣವಿತ್ತು, ಆ ಕಾರಣದ ಮೇಲೂ ಅವಳಿಗೆ ಸಿಟ್ಟು ಬಂತು.

ಗುಬ್ಬಿ ಎನ್ನುವುದು ಅಮ್ಮ ಕರೆದು ಕರೆದು ಗಟ್ಟಿಯಾದ ಹೆಸರು. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ. ಈಗ ಮೂವತ್ತು ದಾಟಿ, ಬಸ್ಸು ಹತ್ತುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ ಬೆಳೆದರೂ ಹೆಸರು ಮಾತ್ರ ಇದ್ದಲ್ಲೇ ಇದೆ. ಕೆಲಸ ಕನ್ನಡಕದಂಗಡಿಯಲ್ಲಿ. ಬಂದವರ ಮೂಗಿನ ಮೇಲೆ ಗಾಜು ಇಟ್ಟು, ತೆಗೆದು, ಮತ್ತೆ ಇಟ್ಟು, “ಈಗ ಹೇಗೆ ಕಾಣ್ತಿದೆ, ಇದು ಚೆನ್ನಾಗಿದೆಯೋ ಮೊದಲಿನದೋ” ಎಂದು ಕೇಳುವುದೇ ದಿನವಿಡೀ ಕೆಲಸ. ಊರಿನವರಿಗೆಲ್ಲ ಚೆನ್ನಾಗಿ ಕಾಣುವ ಹಾಗೆ ಮಾಡಿದ್ದು ಸಾಕು, ತಾನೂ ಒಂದಿಷ್ಟು ನೋಡೋಣ ಎಂದುಕೊಂಡು ಅವಳು ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡು ಈ ಭಾನುವಾರದ ತರಗತಿಗೆ ಸೇರಿದ್ದಳು.

ತರಗತಿ ನಡೆಯುವುದು ಡ್ರೈವಿಂಗ್ ಸ್ಕೂಲಿನ ಮೇಲಿನ ಉದ್ದನೆಯ ಕೋಣೆಯಲ್ಲಿ. ಕಲಿಸುವ ಮೇಷ್ಟ್ರು ಹಿಂದೆ ಸ್ಟುಡಿಯೋ ಇಟ್ಟಿದ್ದವರು. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿ, ಹವ್ಯಾಸಕ್ಕೆ ಕಲಿಯುವವರನ್ನು ಕಟ್ಟಿಕೊಂಡಿದ್ದರು. ಮೊದಮೊದಲು ಗುಬ್ಬಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಲೆನ್ಸಿನ ಮುಚ್ಚಳ ತೆಗೆಯದೆ ಕ್ಯಾಮೆರಾ ಕೆಟ್ಟಿದೆ ಎಂದು ಗಲಾಟೆ ಮಾಡಿದ್ದಳು. ಅಂಕಿ ದೊಡ್ಡದಾದಷ್ಟೂ ಬೆಳಕಿನ ಕಿಂಡಿ ಸಣ್ಣದಾಗುತ್ತದೆ ಎಂಬುದು ಯಾವ ಸೀಮೆ ನ್ಯಾಯ ಎಂದು ಮೇಷ್ಟ್ರ ಜೊತೆ ಜಗಳಕ್ಕೇ ನಿಂತಿದ್ದಳು. ಜನರ ಮುಂದೆ ಕ್ಯಾಮೆರಾ ಎತ್ತಲು ಹೆದರುತ್ತಿದ್ದುದರಿಂದ ಅವಳ ಫೋಟೋಗಳಲ್ಲೆಲ್ಲ ಗೋಡೆ, ಬಾಗಿಲು, ಕಿಟಕಿ ಇಷ್ಟೇ ಇರುತ್ತಿದ್ದವು.

ಮೇಷ್ಟ್ರಿಗೆ ಅವರದೇ ಕೆಲವು ಕಟ್ಟುಪಾಡುಗಳಿದ್ದವು. ಎಲ್ಲರೂ ಒಟ್ಟಾಗಿ ಬೀದಿ ಸುತ್ತಲು ಹೊರಟ ದಿನ ಇಬ್ಬಿಬ್ಬರು ಕ್ಯಾಮೆರಾ ಅದಲುಬದಲು ಮಾಡಿಕೊಳ್ಳಬೇಕು. ದುಬಾರಿ ಕ್ಯಾಮೆರಾದವರು ಮೆರೆಯಬಾರದು, ಹಳೆಯದನ್ನು ಇಟ್ಟುಕೊಂಡವರು ನೆಪ ಹೇಳಬಾರದು ಎಂಬುದು ಅವರ ಲೆಕ್ಕಾಚಾರ. ವಾಪಸು ಬಂದ ಮೇಲೆ ಅವರು ಎಲ್ಲರ ಕಾರ್ಡಿನಿಂದ ಸಣ್ಣ ಪ್ರತಿಗಳನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು, ಕ್ಯಾಮೆರಾಗಳನ್ನು ಅವರವರಿಗೆ ಕೊಟ್ಟುಬಿಡುತ್ತಿದ್ದರು. ದೊಡ್ಡ ಮೂಲ ಫೋಟೋ ಕಾರ್ಡಿನಲ್ಲೇ ಉಳಿಯುತ್ತಿತ್ತು. ನಿಮ್ಮ ಕಾರ್ಡಿನಲ್ಲಿ ಜೊತೆಯವರು ತೆಗೆದದ್ದು ನೆಂಟರ ಚೀಲವಿದ್ದ ಹಾಗೆ, ಚರ್ಚೆಗೆ ಮೊದಲು ಬಿಚ್ಚಿ ನೋಡಬೇಡಿ ಎನ್ನುತ್ತಿದ್ದರು. ಮುಂದಿನ ಭಾನುವಾರ ಚರ್ಚೆ. ಫೋಟೋ ಹಗ್ಗದ ಮೇಲಿರುವಷ್ಟು ಹೊತ್ತು ಅದನ್ನು ತೆಗೆದವರು ತುಟಿ ಬಿಚ್ಚುವ ಹಾಗಿಲ್ಲ. ಉಳಿದವರು ಏನು ಬೇಕಾದರೂ ಆಡಬಹುದು.

ಈಗ ಅವರೆಲ್ಲ ಆಡುತ್ತಿದ್ದರು.

“ಆ ಕಣ್ಣು ನೋಡಿ. ಯಾವ ಆಸೇನೂ ಉಳಿದಿಲ್ಲ” ಎಂದರು ಹಲ್ಲಿನ ಡಾಕ್ಟರು. ತರಗತಿಯಲ್ಲಿ ಗುಬ್ಬಿಯ ಪಕ್ಕದಲ್ಲೇ ಕೂರುವ, ಒಳ್ಳೆಯ ಮನಸ್ಸಿನ ಹೆಂಗಸು. “ಮಕ್ಕಳು ಕೈಬಿಟ್ಟಿರ್ಬೇಕು ಪಾಪ.”

“ಕೈ ಅರ್ಧ ಎತ್ತಿದ್ದಾಳಲ್ಲ, ಭಿಕ್ಷೆ ಕೇಳ್ತಿದ್ದಾಳಾ?” ಎಂದ ಹಿಂದಿನ ಸಾಲಿನ ಎಂಜಿನಿಯರ್.

“ಕೇಳೋಕೂ ನಾಚಿಕೆ, ಕೇಳದೆ ಇರೋಕೂ ಆಗ್ತಿಲ್ಲ” ಎಂದರು ಮೇಷ್ಟ್ರು. ಅವರ ಗಂಟಲು ಸ್ವಲ್ಪ ಕಟ್ಟಿತ್ತು. “ಇಡೀ ಚಿತ್ರ ನಿಂತಿರೋದು ಆ ಕೈ ಮೇಲೆ. ಇದನ್ನ ಪ್ರದರ್ಶನದ ಬಾಗಿಲಲ್ಲೇ ಹಾಕೋಣ, ದೊಡ್ಡದು ಮಾಡಿಸಿ.”

ತೆಗೆದವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿಕೊಂಡು, ನಿಯಮಕ್ಕೆ ತಲೆಬಾಗಿ ಬಾಯಿ ಮುಚ್ಚಿಕೊಂಡು, ಮುಖದ ತುಂಬ ನಗುತ್ತಿದ್ದರು. ಹಿಂದಿನ ಭಾನುವಾರ ಗುಬ್ಬಿಯ ಕ್ಯಾಮೆರಾ ಇದ್ದದ್ದು ಅವರ ಕೈಯಲ್ಲಿ.

ಭಿಕ್ಷೆಯಂತೆ. ಗುಬ್ಬಿ ಹಲ್ಲು ಕಚ್ಚಿಕೊಂಡಳು. ಅಮ್ಮ ಆ ಫೋಟೋದ ಗಲ್ಲಿಯಲ್ಲಿರುವ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಇಡೀ ಹೋಟೆಲಿನ ಹಾಸಿಗೆಗಳ ಮೇಲಿನ ಒಂದೊಂದು ಹೊದಿಕೆಯೂ ಅವಳ ಕಣ್ಣು ತಪ್ಪಿಸಿ ಹೊರಗೆ ಹೋಗುವುದಿಲ್ಲ. ಒಂದು ಸುಕ್ಕು ಕಂಡರೆ ಸಾಕು, ಇಸ್ತ್ರಿ ಮಾಡಿದವರ ಜನ್ಮ ಜಾಲಾಡುತ್ತಾಳೆ. ಅವಳ ಮುಂದೆ ಕೈಯೊಡ್ಡಿ ನಿಲ್ಲುವವರು ಬೇಕಾದಷ್ಟು ಜನ ಇದ್ದಾರೆ. ಅವಳು ಯಾರ ಮುಂದೆಯೂ ಒಡ್ಡಿದವಳಲ್ಲ. ಆ ಅರ್ಧ ಎತ್ತಿದ ಕೈ ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಗುಬ್ಬಿಗೆ ಒಬ್ಬಳಿಗೇ. ಅಮ್ಮ ಅವಳನ್ನು ಕರೆಯುವುದೇ ಹಾಗೆ. ಜೋರಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಮೊಣಕೈ ಇದ್ದಲ್ಲೇ ಇಟ್ಟುಕೊಂಡು ಅಂಗೈ ಮಾತ್ರ ಎತ್ತುತ್ತಾಳೆ. ಶಾಲೆಯ ಗೇಟಿನಲ್ಲೂ ಹಾಗೆಯೇ ಕರೆಯುತ್ತಿದ್ದಳು.

ಅಂದು ಆ ಗಲ್ಲಿಯಲ್ಲಿ ಅವಳು ಕರೆದದ್ದು ಗುಬ್ಬಿಯನ್ನೇ. ಹೋಟೆಲಿನ ಹಿಂಬಾಗಿಲಲ್ಲಿ, ಕವುಚಿ ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ, ಚಪ್ಪಲಿ ಬಿಟ್ಟು, ಬೆವರು ಆರಿಸಿಕೊಳ್ಳುತ್ತ ಅಮ್ಮ ಕೂತಿದ್ದಳು. ಗುಬ್ಬಿ ಹಲ್ಲಿನ ಡಾಕ್ಟರ ಜೊತೆ ಮುಂದೆ ನಡೆಯುತ್ತಿದ್ದಳು. ಅಮ್ಮನ ಕೈ ಮೇಲೇಳುವುದನ್ನು ನೋಡಿದಳು. ನೋಡಿದವಳೇ ಕೊರಳಲ್ಲಿದ್ದ ಮ್ಯಾನೇಜರ ಕ್ಯಾಮೆರಾದ ಪರದೆಯೊಳಗೆ ಮುಖ ಹುದುಗಿಸಿ, “ಈ ಕಡೆ ಬೆಳಕು ಚೆನ್ನಾಗಿದೆ ಡಾಕ್ಟ್ರೇ” ಎಂದು ಪಕ್ಕದ ಬೀದಿಗೆ ತಿರುಗಿಬಿಟ್ಟಳು. ತರಗತಿಯ ಮೊದಲ ದಿನ ಎಲ್ಲರೂ ತಮ್ಮ ತಮ್ಮ ಮನೆಯ ವಿಷಯ ಹೇಳಿಕೊಳ್ಳುವಾಗ ಅವಳು, ಅಮ್ಮ ಹೋಟೆಲಿನ ಆಫೀಸು ನೋಡ್ಕೋತಾರೆ ಎಂದಿದ್ದಳು. ಆಡಿದ ಒಂದು ಸುಳ್ಳನ್ನು ಕಾಪಾಡಿಕೊಳ್ಳಲು ಅಮ್ಮನನ್ನೇ ದಾಟಿ ಹೋದಳು. ಅಮ್ಮನಿಗೆ ತಾನು ನೋಡಿದ್ದು ಗೊತ್ತಾಗಿರಲಿಕ್ಕಿಲ್ಲ ಎಂದು ವಾರವಿಡೀ ತನಗೆ ತಾನೇ ಹೇಳಿಕೊಂಡಿದ್ದಳು. ಅಮ್ಮನೂ ಆ ಮಾತೆತ್ತಿರಲಿಲ್ಲ.

“ಅವರು ಭಿಕ್ಷೆ ಕೇಳ್ತಿಲ್ಲ.” ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ತನ್ನದೆಂದು ಗುಬ್ಬಿಗೆ ತಿಳಿದದ್ದು. “ಆ ಹೋಟೆಲಲ್ಲಿ ಕೆಲಸ ಮಾಡೋರು ಅವರು. ನಾನು ನೋಡಿದ್ದೀನಿ.”

“ಹೌದಾ? ಪರಿಚಯನಾ?” ಎಂದರು ಮೇಷ್ಟ್ರು.

ಆಗ ಹೇಳಬಹುದಿತ್ತು. ಇಷ್ಟು ಸಲೀಸಾಗಿ ಇನ್ನೊಮ್ಮೆ ಯಾರೂ ಕೇಳುವುದಿಲ್ಲ. ಗುಬ್ಬಿ ಆ ಪ್ರಶ್ನೆಯನ್ನು ಬಿಟ್ಟು ಮ್ಯಾನೇಜರ ಕಡೆ ತಿರುಗಿದಳು. “ಅವರನ್ನ ಒಂದು ಮಾತು ಕೇಳಿ ತೆಗೆದ್ರಾ ಸಾರ್?”

ಮ್ಯಾನೇಜರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಆಡಿ ಎಂಬಂತೆ ತಲೆಯಾಡಿಸಿದರು. “ಕೇಳಿದ್ರೆ ಕೂದಲು ಸರಿ ಮಾಡ್ಕೊಂಡು ನಗ್ತಾರಮ್ಮ. ಆಮೇಲೆ ಫೋಟೋದಲ್ಲಿ ಏನು ಉಳಿಯತ್ತೆ?”

“ನಗು ಉಳಿಯತ್ತೆ.”

“ಅದನ್ನ ಯಾರು ನೋಡ್ತಾರೆ?” ಎಂದರು ಅವರು. ನಾಲ್ಕೈದು ಜನ ನಕ್ಕರು.

ತರಗತಿ ಮುಗಿದು ಎಲ್ಲರೂ ಮೆಟ್ಟಿಲಿಳಿಯುವಾಗ ಅವರೇ ಹತ್ತಿರ ಬಂದರು. ಮನುಷ್ಯ ಕೆಟ್ಟವರೇನೂ ಅಲ್ಲ, ಅದೇ ಇನ್ನಷ್ಟು ರೇಗುವ ವಿಷಯ. “ಮೂಲ ಫೋಟೋ ನಿಮ್ಮ ಕಾರ್ಡಲ್ಲಿದೆ, ಮುಂದಿನ ವಾರ ಮರೀದೆ ತನ್ನಿ. ಮತ್ತೆ ನಿಮ್ಮ ಲೆನ್ಸ್ ಅದ್ಭುತ ಕಣಮ್ಮ. ರಸ್ತೆ ಆಚೆ, ವ್ಯಾನಿನ ಹಿಂದೆ ನಿಂತಿದ್ದೆ ನಾನು. ಅವಳಿಗೆ ಗೊತ್ತೇ ಆಗ್ಲಿಲ್ಲ.”

ಆ ಲೆನ್ಸು ಅಮ್ಮ ಕೊಡಿಸಿದ್ದು. ರಜೆಯ ದಿನಗಳಲ್ಲೂ ಕೆಲಸಕ್ಕೆ ಹೋಗಿ ಕೂಡಿಟ್ಟು, ಜನರ ಹತ್ತಿರ ಹೋಗೋಕೆ ಹೆದರಿಕೆ ಅಂದ್ರೆ ದೂರದಿಂದಾದ್ರೂ ತೆಗಿ, ಎಷ್ಟು ದಿನ ಅಂತ ಗೋಡೆ ತೆಗೀತೀಯ ಎಂದು ಕೊಡಿಸಿದ್ದಳು. ಗುಬ್ಬಿ ಮ್ಯಾನೇಜರಿಗೆ ಉತ್ತರ ಕೊಡದೆ ದಡದಡ ಇಳಿದು ಹೋದಳು. ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಬೈದಳು. ವ್ಯಾನಿನ ಹಿಂದೆ ಅವಿತುಕೊಂಡವನನ್ನು ಬೈದಳು, ದುಃಖ ಕಂಡರೆ ಗಂಟಲು ಕಟ್ಟುವ ಮೇಷ್ಟ್ರನ್ನು ಬೈದಳು, ಪಾಪ ಪಾಪ ಎನ್ನುವ ಡಾಕ್ಟರನ್ನು ಬೈದಳು. ಬಸ್ಸಿನಲ್ಲಿ ಕಾಲು ತುಳಿದವನಿಗೂ ಅದರಲ್ಲೇ ಒಂದು ಪಾಲು ಸಿಕ್ಕಿತು. ಫೋಟೋ ಅಳಿಸಿಬಿಡುವುದೇ ಸರಿ ಎಂದು ಮನೆಯ ಬೀದಿಗೆ ತಿರುಗುವಷ್ಟರಲ್ಲಿ ತೀರ್ಮಾನವಾಯಿತು. ಮೂಲವೇ ಇಲ್ಲದ ಮೇಲೆ ಯಾವ ಬಾಗಿಲಲ್ಲಿ ಏನು ಹಾಕುತ್ತಾರೋ ಹಾಕಿಕೊಳ್ಳಲಿ.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅಮ್ಮ ಬಿಸಿನೀರಿನ ಟಬ್ಬಿನಲ್ಲಿ ಪಾದ ಇಳಿಬಿಟ್ಟು ರೇಡಿಯೋದವನ ಉಚ್ಚಾರಣೆಗೆ ಬೈಯುತ್ತಿದ್ದಳು. ಗುಬ್ಬಿ ಮಾತಿಲ್ಲದೆ ಅಡುಗೆಮನೆಗೆ ನುಗ್ಗಿ ಪಾತ್ರೆಗಳನ್ನು ಕುಕ್ಕತೊಡಗಿದಳು.

“ಆ ಪಾತ್ರೆ ಏನೇ ಮಾಡಿತ್ತು ನಿನಗೆ?” ಎಂದಳು ಅಮ್ಮ ಹೊರಗಿನಿಂದ.

“ಏನಿಲ್ಲ.”

“ಏನಿಲ್ಲದೆ ಅದಕ್ಕೆ ಈ ಪೆಟ್ಟಾ. ಸರಿ, ಬಾ, ತೋರಿಸು. ಈ ವಾರ ಯಾರ ಮನೆ ಗೋಡೆ ತೆಗೆದೆ?”

ಪ್ರತಿ ಭಾನುವಾರ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮಗಳ ಫೋಟೋಗಳನ್ನು ಒಂದೊಂದಾಗಿ ನೋಡಿ ಗೇಲಿ ಮಾಡುವುದು ಅಮ್ಮನ ಖುಷಿ. ಇವತ್ತು ಏನೂ ತೆಗೆದಿಲ್ಲ ಎಂದು ಗೊಣಗಿ ಗುಬ್ಬಿ ಒಳಕೋಣೆಗೆ ಹೋದಳು. ಬಾಗಿಲು ಸರಿಸಿ ಕ್ಯಾಮೆರಾ ಆನ್ ಮಾಡಿ ಹುಡುಕಿದಳು. ಸಿಕ್ಕಿತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಏನನಿಸಿತೋ, ಒಮ್ಮೆ ನೋಡಿಬಿಡೋಣ ಎಂದು ಫೋಟೋವನ್ನು ದೊಡ್ಡದು ಮಾಡಿದಳು. ಮುಖ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ರೆಪ್ಪೆಗಳನ್ನು ಎಣಿಸಬಹುದಿತ್ತು. ಅಂಥ ಫೋಟೋ ತನ್ನ ಕೈಯಲ್ಲಿ ಒಂದು ದಿನವೂ ಬಂದಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

“ನಾನಲ್ವಾ ಅದು?”

ಅಮ್ಮ ಒದ್ದೆ ಪಾದದಲ್ಲೇ ಬಂದು ಹಿಂದೆ ನಿಂತಿದ್ದಳು. ಕ್ಯಾಮೆರಾ ಕಿತ್ತುಕೊಂಡು, ಕನ್ನಡಕ ಏರಿಸಿ, ಪರದೆಯನ್ನು ಮೂಗಿನ ಹತ್ತಿರ ಹಿಡಿದಳು. ಎಷ್ಟೋ ಹೊತ್ತು ನೋಡಿದಳು. ಗೇಲಿ ಬರಲಿಲ್ಲ.

“ಯಾರು ತೆಗೆದಿದ್ದು?”

ಗುಬ್ಬಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ವ್ಯಾನು, ಚೀಟಿ, ಭಿಕ್ಷೆ, ಮಕ್ಕಳು ಕೈಬಿಟ್ಟ ಕತೆ, ಪ್ರದರ್ಶನದ ಬಾಗಿಲು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಅಮ್ಮನೂ ಈಗ ಸೊಂಟ ಕಟ್ಟಿ ನಿಲ್ಲುತ್ತಾಳೆ, ಇಬ್ಬರೂ ಸೇರಿ ಆ ಮ್ಯಾನೇಜರ ಗ್ರಹಚಾರ ಬಿಡಿಸಬಹುದು ಎಂದು ಕಾದಳು. “ಎಷ್ಟು ಧೈರ್ಯ ನೋಡು ಅವನಿಗೆ. ಕಳ್ಳನ ಹಾಗೆ ನಿಂತು ತೆಗೆದಿದ್ದಾನೆ. ಅಳಿಸಿಬಿಡ್ತೀನಿ ಅಮ್ಮ, ಒಂದು ಗುಂಡಿ ಒತ್ತಿದ್ರೆ ಮುಗೀತು.”

“ಕಳ್ಳನೋ ಸುಳ್ಳನೋ, ಅವನು ನನ್ನನ್ನ ನೋಡಿದ” ಎಂದಳು ಅಮ್ಮ. “ನೀನೂ ನೋಡಿದೆಯಲ್ಲ. ನೋಡಿ ಏನು ಮಾಡಿದೆ?”

“ನಾನು ಕ್ಯಾಮೆರಾ ನೋಡ್ತಿದ್ದೆ. ನೀನು ಕೂತಿದ್ದು ಕಾಣಲೇ ಇಲ್ಲ.”

“ನನ್ನ ಹತ್ತಿರ ಆಟ ಆಡಬೇಡ. ಹೆತ್ತವಳು ನಾನು. ನೀನು ನಿಜವಾಗ್ಲೂ ನೋಡದೆ ಇದ್ದಾಗ ನಿನ್ನ ಕತ್ತು ಹೇಗಿರತ್ತೆ, ನೋಡಬಾರದು ಅಂತ ಇದ್ದಾಗ ಹೇಗಿರತ್ತೆ, ಅಷ್ಟೂ ಗೊತ್ತಾಗಲ್ವಾ ನನಗೆ?”

ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಗುಬ್ಬಿಯೂ ಎದುರು ಕೂಗಬಹುದಿತ್ತು. ಸುಕ್ಕಿಗೆಲ್ಲ ರಂಪ ಮಾಡುವ ಹೆಂಗಸು ನಿಜವಾಗಿ ಕೋಪ ಬಂದಾಗ ದನಿ ತಗ್ಗಿಸುತ್ತಾಳೆ. ಅದು ಗುಬ್ಬಿಗೆ ಚಿಕ್ಕಂದಿನಿಂದ ಗೊತ್ತು, ಚಿಕ್ಕಂದಿನಿಂದ ಅದಕ್ಕೇ ಹೆದರುತ್ತಿದ್ದಳು.

“ಬೆಳಗಿಂದ ನಿಂತೇ ಇದ್ದೆ ಅವತ್ತು. ಸ್ವಲ್ಪ ಕಾಲು ಚಾಚೋಣ ಅಂತ ಆಚೆ ಬಂದೆ. ನೀನು ಬರ್ತಿರೋದು ಕಾಣಿಸ್ತು. ಕೊರಳಲ್ಲಿ ಕ್ಯಾಮೆರಾ, ಜೊತೆಗೆ ಜನ, ಎಷ್ಟು ಸಂತೋಷ ಆಯ್ತು ಗೊತ್ತಾ ನನಗೆ? ನನ್ನ ಮಗಳು ಬರ್ತಿದ್ದಾಳೆ, ಬಾರೇ ನೋಡು ಅಂತ ಒಳಗೆ ಬಟ್ಟೆ ಮಡಚೋ ಹುಡುಗೀನ ಕರೆದುಬಿಟ್ಟೆ. ಅವಳು ಕೈ ಒರೆಸ್ಕೊಂಡು ಆಚೆ ಬರೋ ಹೊತ್ತಿಗೆ ನೀನಿರ್ಲಿಲ್ಲ. ಎಲ್ಲಿ ಅಂದ್ಲು. ಯಾರೋ ಬೇರೆಯವರು ಕಣೇ, ಹಾಗೇ ಕಾಣಿಸ್ತು ಅಂದೆ. ನಿನಗೋಸ್ಕರ ನಾನು ಸುಳ್ಳು ಹೇಳಬೇಕಾಯ್ತು.”

“ನಾನು ಆಮೇಲೆ ಹೇಳೋಣ ಅಂತ...”

“ವಾರ ಆಯ್ತು. ಬೆಳಗ್ಗೆ ಸಂಜೆ ನಿನ್ನ ಮುಖ ನೋಡ್ತಾ ಇದ್ದೆ. ಹೇಳ್ತೀಯ, ಈಗ ಹೇಳ್ತೀಯ ಅಂತ.”

ಗುಬ್ಬಿ ಕೈ ಚಾಚಿದಳು. “ಕೊಡಮ್ಮ, ಅಳಿಸಿಬಿಡ್ತೀನಿ.”

“ಮುಟ್ಟಬೇಡ.” ಅಮ್ಮ ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದಳು. “ಇದರಲ್ಲಿರೋ ಮುಖ ನನ್ನದು. ಇಡಬೇಕೋ ತೆಗೀಬೇಕೋ ನಾನು ಹೇಳ್ತೀನಿ. ಅವನು ನನ್ನ ಕೇಳದೆ ತೆಗೆದ, ನೀನು ನನ್ನ ಕೇಳದೆ ಅಳಿಸ್ತೀಯ. ನಿಮ್ಮಿಬ್ಬರಿಗೂ ಏನೇ ವ್ಯತ್ಯಾಸ?”

ಅಮ್ಮ ಮತ್ತೊಮ್ಮೆ ಪರದೆ ನೋಡಿದಳು. ಆಮೇಲೆ ಕ್ಯಾಮೆರಾವನ್ನು ಮಂಚದ ಮೇಲಿಟ್ಟಳು.

“ಹಾಕ್ಲಿ. ಬಾಗಿಲಲ್ಲೇ ಹಾಕ್ಲಿ. ಯಾರೂ ಇಲ್ಲದವಳು ಅಂತ ಬರೆದಿದಾರಲ್ಲ, ಆ ಚೀಟಿ ಮಾತ್ರ ಕಿತ್ತು ಬಿಸಾಡು. ಮಗಳನ್ನ ಕರೀತಿರೋ ತಾಯಿ ಅಂತ ಬರೆಸು. ಹಾಗಾದ್ರೆ ಮಗಳು ಯಾಕೆ ಬರ್ಲಿಲ್ಲ ಅಂತ ಯಾರಾದ್ರೂ ಕೇಳ್ತಾರೆ. ಉತ್ತರ ನೀನೇ ಕೊಡಬೇಕು. ನನಗೆ ಗೊತ್ತಿಲ್ಲ.”

ಹೊರಗೆ ಹೋಗಿ ಟಬ್ಬಿನ ನೀರು ಚೆಲ್ಲಿ, ರೇಡಿಯೋ ಆರಿಸಿ, ಉಣ್ಣದೆ ಮಲಗಿದಳು.

ಆ ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಬೀಗದ ಕೈ ಎಲ್ಲಿ, ನೀರು ಬಂತಾ, ಅಷ್ಟೇ. ಗುಬ್ಬಿ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹರಿಹಾಯ್ದಳು. ಯಾವ ಗಾಜು ಚೆನ್ನಾಗಿದೆ ಎಂದು ನಿರ್ಧರಿಸಲಾಗದೆ ತೊದಲಿದ ಮುದುಕರೊಬ್ಬರಿಗೆ, ಕಣ್ಣು ನಿಮ್ಮದೋ ನನ್ನದೋ ಎಂದುಬಿಟ್ಟಳು. ಮ್ಯಾನೇಜರ ಮೇಲಿನ ಸಿಟ್ಟು ಇಳಿದಿರಲಿಲ್ಲ. ಅದರ ಅಡಿಯಲ್ಲಿ ಇನ್ನೊಂದು ಸಿಟ್ಟಿತ್ತು, ಅದಕ್ಕೆ ಬೈಯಲು ಯಾರೂ ಸಿಗುತ್ತಿರಲಿಲ್ಲ.

ಭಾನುವಾರ ಬಂತು. ಪ್ರದರ್ಶನಕ್ಕೆ ಆರಿಸಿದ ಫೋಟೋಗಳೆಲ್ಲ ಹಗ್ಗದ ಮೇಲೆ ಸಾಲಾಗಿದ್ದವು, ಅಮ್ಮನದು ಎಲ್ಲಕ್ಕಿಂತ ಮುಂದೆ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಗುಬ್ಬಿ ಎದ್ದು ಹೋಗಿ ಚೀಟಿಯನ್ನು ಪರ್ರನೆ ಕಿತ್ತಳು. ಹಿಂದಿನಿಂದ ಮ್ಯಾನೇಜರು, ಅರೆ ಏನಮ್ಮ ಇದು ಎಂದರು.

“ಇವರು ನನ್ನ ಅಮ್ಮ” ಎಂದಳು. ಮುಂದಿನದನ್ನು ಇನ್ನೂ ಗಟ್ಟಿಯಾಗಿ ಹೇಳಿದಳು. “ಹೋಟೆಲಲ್ಲಿ ಬಟ್ಟೆ ಒಗೆಯೋ ಕಡೆ ಕೆಲಸ. ಆಫೀಸು ಅಂತ ನಿಮಗೆಲ್ಲ ಸುಳ್ಳು ಹೇಳಿದ್ದೆ. ಇವರಿಗೆ ಎಲ್ಲಾ ಇದ್ದಾರೆ. ಫೋಟೋ ಹಾಕಬಹುದು ಅಂತ ಅಮ್ಮ ಹೇಳಿದ್ದಾರೆ. ಹೆಸರು ಮಾತ್ರ ಮಗಳನ್ನ ಕರೀತಿರೋ ತಾಯಿ ಅಂತ ಇರಬೇಕು. ಹಾಗಿದ್ರೆ ಕಾರ್ಡ್ ಕೊಡ್ತೀನಿ, ಇಲ್ಲದಿದ್ರೆ ಇಲ್ಲ.”

ಮ್ಯಾನೇಜರ ಮುಖ ಕೆಂಪಾಯಿತು. “ಮೊದಲೇ ಒಂದು ಮಾತು ಹೇಳಬಾರದಿತ್ತೇನಮ್ಮ” ಎಂದರು. ಆಮೇಲೆ ಎದ್ದು ನಿಂತು, “ನಾನೂ ಕೇಳಬಹುದಿತ್ತು. ತಪ್ಪಾಯ್ತು” ಎಂದರು. ಅವರಿಗೆಂದು ಕೂಡಿಟ್ಟಿದ್ದ ಬೈಗುಳವೆಲ್ಲ ಗುಬ್ಬಿಯ ಬಾಯಲ್ಲೇ ಉಳಿಯಿತು. ಮೇಷ್ಟ್ರು ಮಾತ್ರ ಫೋಟೋದ ಮುಂದೆ ಹೋಗಿ ನಿಂತು, ಹೊಸ ಆಟಿಕೆ ಸಿಕ್ಕವರ ಹಾಗೆ, “ಮಗಳನ್ನ ಕರೀತಿರೋದಾ? ಈಗ ಚಿತ್ರ ಇನ್ನೂ ಮೇಲೆ ಹೋಯ್ತು ನೋಡಿ” ಎಂದು ಸಂಭ್ರಮಪಟ್ಟರು. ಇವರಿಗೆ ಏನು ಕೊಟ್ಟರೂ ಚಿತ್ರವೇ ಆಗುತ್ತದಲ್ಲ ಎಂದು ಗುಬ್ಬಿಗೆ ರಕ್ತ ಕುದಿಯಿತು.

ಹಲ್ಲಿನ ಡಾಕ್ಟರು ಫೋಟೋವನ್ನೂ ಗುಬ್ಬಿಯನ್ನೂ ಮತ್ತೆ ಮತ್ತೆ ನೋಡಿದರು. ಕೇಳಬಾರದೆಂದು ಅಂದುಕೊಂಡು ಕೊನೆಗೂ ತಡೆಯಲಾರದವರಂತೆ ಮೆಲ್ಲಗೆ ಕೇಳಿದರು.

“ಆ ಗಲ್ಲೀಲಿ ನಾವಿಬ್ರೂ ಜೊತೇಲೇ ಇದ್ವಲ್ಲ. ಅವರು ಕರೆದಾಗ ನೀವು ಯಾಕೆ ಹೋಗ್ಲಿಲ್ಲ?”

“ನಿಮ್ಮ ಜೊತೆ ಇದ್ದೆನಲ್ಲ, ಅದಕ್ಕೆ” ಎಂದಳು ಗುಬ್ಬಿ.